ಪಟ ದುಬೈಯದ್ದು, ಗಾಳಿ ನಮ್ಮೂರಿನದು

ಕಳೆದ ತಿಂಗಳು ಒಂದು ಬೆಳಿಗ್ಗೆ. ಮದ್ರಸ ಬಿಟ್ಟು ಮಕ್ಕಳು ಶಾಲೆಯ ಬಸ್ಸಿಗೆ ಓಡಿದ್ದರು. ಗೇಟಿನ ಪಕ್ಕದಲ್ಲಿ ಒಬ್ಬರು ತಾಯಿ ಕಾದು ನಿಂತಿದ್ದರು. ಅವರ ಮಗ ನನ್ನ ಹಳೆಯ ಶಿಷ್ಯ. ಈಗ ದುಬೈಯಲ್ಲಿ ಕೆಲಸ, ನಲ್ವತ್ತು ದಿನದ ರಜೆಯಲ್ಲಿ ಊರಿಗೆ ಬಂದಿದ್ದಾನೆ.

"ಉಸ್ತಾದರೇ, ನಿಮ್ಮ ಮಾತನ್ನು ಅವನು ಮೀರುವುದಿಲ್ಲ. ನೀವೇ ಒಮ್ಮೆ ಹೇಳಿ ನೋಡಿ. ಬೇರೆಯವರ ಮಕ್ಕಳು ಪೆಟ್ಟಿಗೆ ತುಂಬ ಸೆಂಟು, ಚಾಕಲೇಟು, ಕಂಬಳಿ ತರ್ತಾರೆ. ಇವನು ಗಾಳಿಪಟ ತಂದಿದ್ದಾನೆ. ಅದನ್ನು ಸೊಂಟಕ್ಕೆ ಕಟ್ಟಿಕೊಂಡು ಕಡಲಿಗೆ ಇಳಿಯುವುದಂತೆ."

ನನಗೆ ನಗು ಬಂತು. ಆದರೆ ಅವರು ನಗುತ್ತಿರಲಿಲ್ಲ. ಅವರ ಅಣ್ಣ ಶರಾವತಿಯ ಅಳಿವೆಯಲ್ಲಿ ದೋಣಿ ಮಗುಚಿ ಹೋದವರು ಎಂಬುದು ನನಗೆ ಆಮೇಲೆ ನೆನಪಾಯಿತು. ಮಯ್ಯತ್ ಸಿಕ್ಕಿದ್ದು ಮೂರನೇ ದಿನ. ಕಡಲ ಬದಿಯ ಮನೆಗಳಲ್ಲಿ ಇಂಥದ್ದೊಂದು ಲೆಕ್ಕ ಎಲ್ಲರಿಗೂ ಇರುತ್ತದೆ, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ.

ಸಂಜೆ ಹುಡುಗ ಬಂದ. ಕೈಯಲ್ಲಿ ಫೋನು, ಫೋನಿನಲ್ಲಿ ವೀಡಿಯೊ. ದುಬೈಯ ಜುಮೇರಾದಲ್ಲಿ ಕೈಟ್ ಬೀಚ್ ಅಂತಲೇ ಒಂದು ಕಡಲ ತೀರ ಇದೆ. ಅಲ್ಲಿ ದುಡಿಯುವ ನಮ್ಮ ಎಷ್ಟೋ ಹುಡುಗರು ರಜಾದಿನ ಅಲ್ಲಿ ಕೂತು ಚಹಾ ಕುಡಿದವರೇ. ಆಕಾಶದಲ್ಲಿ ಕಮಾನಿನಂತೆ ಬಾಗಿದ ದೊಡ್ಡ ದೊಡ್ಡ ಬಣ್ಣದ ಪಟಗಳು, ಕೆಳಗೆ ನೀರಿನ ಮೇಲೆ ಹಲಗೆ ಕಟ್ಟಿಕೊಂಡು ಜಾರುವ ಜನ. ಇದೇ ಕೈಟ್‌ಬೋರ್ಡಿಂಗ್, ಕೈಟ್‌ಸರ್ಫಿಂಗ್ ಅಂತಲೂ ಹೇಳ್ತಾರೆ. ಹುಡುಗ ಎರಡು ವರ್ಷ ನೋಡಿ ನೋಡಿ, ಕೊನೆಗೆ ಊರಿಗೆ ಹೊರಟ ಯಾರದೋ ಹಳೆಯ ಪಟ, ದಾರ, ಹಲಗೆ ಎಲ್ಲ ಒಟ್ಟಿಗೆ ಅಗ್ಗಕ್ಕೆ ಕೊಂಡಿದ್ದಾನೆ. ಹೊಸದು ಕೊಳ್ಳುವುದಾದರೆ ಲಕ್ಷ ದಾಟುತ್ತದೆ.

"ಕಲಿತಿದ್ದೀಯಾ?" ಕೇಳಿದೆ.

"ಇಲ್ಲ ಉಸ್ತಾದ್. ಅಲ್ಲಿ ಕಲಿಸುವವರಿಗೆ ಗಂಟೆಗೆ ಲೆಕ್ಕದಲ್ಲಿ ದುಡ್ಡು. ವೀಡಿಯೊ ನೋಡಿ ಎಲ್ಲ ಗೊತ್ತಾಗಿದೆ. ಇಲ್ಲಿ ನಮ್ಮದೇ ಕಡಲು ಖಾಲಿ ಬಿದ್ದಿದೆ ಅಲ್ವಾ? ಸುಬಹಿ ಆದ ಕೂಡಲೇ ಹೋದರೆ ಯಾರೂ ಇರುವುದಿಲ್ಲ, ನೀರು ಕನ್ನಡಿ ಹಾಗಿರ್ತದೆ."

ಆಗ ನನಗೆ ಗಾಳಿಯ ವಿಷಯ ಏನೂ ಗೊತ್ತಿರಲಿಲ್ಲ. ಆದರೂ "ಯಾರೂ ಇರುವುದಿಲ್ಲ" ಎಂಬ ಮಾತು ಸರಿ ಕಾಣಲಿಲ್ಲ. ಒಂದು ವಾರ ಪಟದ ಚೀಲ ಬಿಚ್ಚಬಾರದು, ಅಷ್ಟರಲ್ಲಿ ಭಟ್ಕಳದಿಂದ ಕುಮಟಾದವರೆಗೆ ಇಬ್ಬರೂ ಕಡಲು ನೋಡಿ ಬರೋಣ ಎಂದು ಒಪ್ಪಿಸಿದೆ. ಕಾಸರಕೋಡು ಟೊಂಕದ ಹಿರಿಯ ಮೀನುಗಾರರೊಬ್ಬರನ್ನೂ ಜೊತೆಗೆ ಕರೆದುಕೊಂಡೆವು. ದಾಲ್ದಿ ಸಮುದಾಯದವರು, ಎಪ್ಪತ್ತು ದಾಟಿದೆ, ಎಂಜಿನ್ ಬರುವ ಮೊದಲು ಹಾಯಿ ಕಟ್ಟಿ ದೋಣಿ ನಡೆಸಿದವರು. ನಾವು ಅವರನ್ನು ಚಾಚಾ ಎನ್ನುತ್ತೇವೆ. ಈ ಬರಹದಲ್ಲಿ ಬುದ್ಧಿವಂತಿಕೆಯ ಮಾತು ಏನಾದರೂ ಇದ್ದರೆ ಅರ್ಧ ಅವರದ್ದು.

ಮೊದಲು ಆಟದ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ. ಗಾಳಿ ತುಂಬುವ ಪಟವನ್ನು ನೀರಿಗೆ ಬಿದ್ದರೂ ಮತ್ತೆ ಏಳುವ ಹಾಗೆ ಮಾಡಿದವರು ಫ್ರಾನ್ಸಿನ ಬ್ರಿಟನಿ ಕರಾವಳಿಯ ಬ್ರೂನೋ ಮತ್ತು ಡೊಮಿನಿಕ್ ಲೆಗೆನು ಎಂಬ ಅಣ್ಣತಮ್ಮ. 1984ರಲ್ಲಿ ಪೇಟೆಂಟ್ ಮಾಡಿಸಿದರು. ನಲ್ವತ್ತು ವರ್ಷದ ಮೇಲೆ, 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಈ ಆಟ ಮೊದಲ ಸಲ ಸೇರಿತು. ಗಂಡಸರ ಸ್ಪರ್ಧೆಯಲ್ಲಿ ಕಂಚು ಗೆದ್ದವನು ಸಿಂಗಾಪುರದ ಮ್ಯಾಕ್ಸಿಮಿಲಿಯನ್ ಮೇಡರ್, ಆಗಿನ್ನೂ ಹದಿನೇಳರ ಹುಡುಗ. ನಮ್ಮ ದೇಶದ ಮಟ್ಟಿಗೆ ಹೇಳುವುದಾದರೆ, ಇದರ ಅಣ್ಣನಂಥ ಆಟ ವಿಂಡ್‌ಸರ್ಫಿಂಗ್‌ನಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ, 2023ರಲ್ಲಿ, ಇಬಾದ್ ಅಲಿ ಕಂಚು ತಂದರು. ಹಾಗಾಗಿ ಇದು ಬರೀ ಗಲ್ಫಿನ ಶೋಕಿ ಎಂದು ತಳ್ಳಿಹಾಕುವ ವಿಷಯ ಅಲ್ಲ.

ಪಟಕ್ಕೆ ಕಟ್ಟಿದ ದಾರಗಳು ಸಾಮಾನ್ಯವಾಗಿ 20ರಿಂದ 24 ಮೀಟರ್ ಉದ್ದ. ದಾರದ ತುದಿ ಒಂದು ಕೋಲಿಗೆ, ಕೋಲು ಸೊಂಟದ ಪಟ್ಟಿಗೆ. ಎಳೆತವೆಲ್ಲ ಸೊಂಟಕ್ಕೇ ಬರುವುದರಿಂದ ಕೈಗೆ ಭಾರ ಇಲ್ಲ. ತೊಂದರೆ ಇರುವುದೂ ಅಲ್ಲೇ. ಗಾಳಿಯ ವೇಗ ಎರಡು ಪಟ್ಟಾದರೆ ಎಳೆತ ಎರಡು ಪಟ್ಟಲ್ಲ, ನಾಲ್ಕು ಪಟ್ಟು ಆಗುತ್ತದೆ. ಹತ್ತು ನಾಟ್ ಗಾಳಿಯಲ್ಲಿ ಸಾಧುವಾಗಿ ನಿಂತ ಪಟ ಇಪ್ಪತ್ತು ನಾಟ್‌ಗೆ ಮನುಷ್ಯನನ್ನೇ ಎತ್ತಿ ಒಗೆಯುತ್ತದೆ. ಆದ್ದರಿಂದ ಬಿಡಿಸಿಕೊಳ್ಳುವುದಕ್ಕೆ ಮೂರು ಮೆಟ್ಟಿಲು ಇಟ್ಟಿದ್ದಾರೆ. ಮೊದಲು ಕೋಲನ್ನು ಕೈಬಿಡುವುದು, ಆಗ ಎಳೆತ ಕಡಿಮೆಯಾಗುತ್ತದೆ. ಅದೂ ಸಾಲದಿದ್ದರೆ ಎದೆಯ ಮುಂದಿನ ಬಿಡುಗಡೆಯ ಹಿಡಿಕೆಯನ್ನು ತಳ್ಳುವುದು, ಆಗ ಪಟ ಒಂದೇ ದಾರದಲ್ಲಿ ಜೋತು ಬಿದ್ದು ಸತ್ತಂತಾಗುತ್ತದೆ. ಕೊನೆಯದಾಗಿ ಆ ದಾರವನ್ನೂ ಕಳಚಿ ಪಟವನ್ನೇ ಬಿಟ್ಟುಬಿಡುವುದು.

ನಾನು ಹುಡುಗನ ಚೀಲ ಬಿಚ್ಚಿಸಿ ನೋಡಿದೆ, ನೋಡುವುದಕ್ಕೆ ಮಾತ್ರ. ಪಟ 12 ಚದರ ಮೀಟರ್. ಅವನ ತೂಕ ಐವತ್ತೈದು ಕೆ.ಜಿ.! ಆ ಅಳತೆ ಎಪ್ಪತ್ತು ಎಪ್ಪತ್ತೈದು ಕೆ.ಜಿ. ಇರುವವರು ಮಧ್ಯಮ ಗಾಳಿಯಲ್ಲಿ ಹಾರಿಸುವಂಥದ್ದು. ಬಿಡುಗಡೆಯ ಹಿಡಿಕೆಯಲ್ಲಿ ಹೊಯಿಗೆ ತುಂಬಿ ಗಟ್ಟಿಯಾಗಿತ್ತು, ತಳ್ಳಿದರೂ ಜರುಗಲಿಲ್ಲ. ಕೊನೆಯ ಸುರಕ್ಷಾ ದಾರ ಚೀಲದಲ್ಲಿ ಇರಲೇ ಇಲ್ಲ. ಅಗ್ಗಕ್ಕೆ ಸಿಕ್ಕಿದ್ದು ಯಾಕೆ ಎಂದು ಗೊತ್ತಾಯಿತು.

ಬೆಳಗಿನ ಗಾಳಿ, ಅಸರಿನ ಗಾಳಿ

"ಸುಬಹಿ ಆದ ಕೂಡಲೇ" ಎಂದ ಮಾತನ್ನು ಚಾಚಾರಿಗೆ ಹೇಳಿದಾಗ ಅವರು ಬೀಡಿ ಆರಿಸಿ ಹುಡುಗನ ಮುಖ ನೋಡಿದರು.

"ಬೆಳಿಗ್ಗೆ ಗಾಳಿ ಎಲ್ಲಿಂದ ಬರ್ತದೆ ಮಗಾ?"

ಹುಡುಗನಿಗೆ ಗೊತ್ತಿಲ್ಲ. ನನಗೂ ಗೊತ್ತಿಲ್ಲ. ಕಡಲ ಬದಿಯಲ್ಲಿ ಇಪ್ಪತ್ತು ವರ್ಷ ಪಾಠ ಹೇಳಿದವನು ನಾನು.

ರಾತ್ರಿ ನೆಲ ಬೇಗ ತಣಿಯುತ್ತದೆ, ಕಡಲು ತಣಿಯುವುದಿಲ್ಲ. ಆದ್ದರಿಂದ ಮಳೆ ಮುಗಿದ ಮೇಲೆ, ಅದರಲ್ಲೂ ನವೆಂಬರಿನಿಂದ ಫೆಬ್ರವರಿಯ ತನಕ, ಬೆಳಗಿನ ಜಾವದಲ್ಲಿ ಗಾಳಿ ಘಟ್ಟದ ಕಡೆಯಿಂದ ಕಡಲಿಗೆ ಬೀಸುತ್ತದೆ. ಮೂಡು ಗಾಳಿ. ಮಧ್ಯಾಹ್ನ ನೆಲ ಕಾದ ಮೇಲೆ ಅದು ತಿರುಗಿ ಕಡಲಿನಿಂದ ನೆಲಕ್ಕೆ ಬರುತ್ತದೆ. ಹಾಯಿ ದೋಣಿಯ ಕಾಲದಲ್ಲಿ ಮೀನುಗಾರರು ಕತ್ತಲಲ್ಲಿ ಮೂಡು ಗಾಳಿ ಹಿಡಿದು ಹೊರಗೆ ಹೋಗುವುದು, ಮಧ್ಯಾಹ್ನದ ಪಡು ಗಾಳಿ ಹಿಡಿದು ದಡಕ್ಕೆ ಬರುವುದು. "ನಮಗೆ ಅದು ಹೋಗಿ ಬರುವ ಟಿಕೇಟು. ನಿನಗೆ ಹೋಗುವ ಟಿಕೇಟು ಮಾತ್ರ" ಎಂದರು ಚಾಚಾ.

ಮೂಡು ಗಾಳಿ ಬೀಸುವಾಗ ದಡದ ಹತ್ತಿರ ನೀರು ನಿಜವಾಗಿಯೂ ಕನ್ನಡಿಯಂತೆ ಇರುತ್ತದೆ, ಅಲೆಯನ್ನು ಗಾಳಿ ಹಿಂದಕ್ಕೆ ಒತ್ತಿ ಹಿಡಿದಿರುತ್ತದೆ. ಹೊಸಬನಿಗೆ ಇದಕ್ಕಿಂತ ಒಳ್ಳೆಯ ಹೊತ್ತು ಬೇರೆ ಇಲ್ಲ ಅನಿಸುತ್ತದೆ. ಆದರೆ ಪಟ ಏರಿದ ಮೇಲೆ ಅದು ಎಳೆಯುವುದು ಅರಬ್ಬಿ ಸಮುದ್ರದ ನಡುವಿಗೆ. ಕಲಿಯುವವನಿಗೆ ಗಾಳಿಯ ವಿರುದ್ಧ ಮೇಲೆ ಬರುವ ವಿದ್ಯೆ ಮೊದಲ ದಿನಗಳಲ್ಲಿ ಬರುವುದೇ ಇಲ್ಲ. ಕೈಟ್‌ಬೋರ್ಡಿಂಗ್ ಕಲಿಸುವವರು ಎಲ್ಲಾ ದೇಶಗಳಲ್ಲೂ ಮೊದಲ ದಿನ ಹೇಳುವ ನಿಯಮ ಇದು: ದಡದಿಂದ ಕಡಲಿಗೆ ಬೀಸುವ ಗಾಳಿಯಲ್ಲಿ ಇಳಿಯಬಾರದು. ನಮ್ಮ ಹುಡುಗ ಹುಡುಕಿ ಹುಡುಕಿ ಅದೇ ಹೊತ್ತನ್ನು ಆರಿಸಿದ್ದ. ಅಕ್ಕಪಕ್ಕ ಯಾರೂ ಇಲ್ಲದ ಹೊತ್ತು ಬೇರೆ.

ನೇರ ಕಡಲಿನಿಂದ ದಡಕ್ಕೆ ಬೀಸುವ ಗಾಳಿಯೂ ಒಳ್ಳೆಯದಲ್ಲ. ಅದು ಮನುಷ್ಯನನ್ನು ದಡದ ಮರಕ್ಕೋ ಕಲ್ಲಿಗೋ ತಂದು ಅಪ್ಪಳಿಸುತ್ತದೆ. ಹೊಸಬರಿಗೆ ಬೇಕಾದ್ದು ಓರೆಯಾಗಿ, ದಡದ ಉದ್ದಕ್ಕೆ ಸ್ವಲ್ಪ ಒಳಮುಖವಾಗಿ ಬರುವ ಗಾಳಿ. ದೇವರು ನಮ್ಮ ಕರಾವಳಿಗೆ ಅದನ್ನು ಕೊಟ್ಟಿದ್ದಾನೆ. ಗಲ್ಫಿನಲ್ಲಿ ಇದ್ದವರಿಗೆ ಶಮಾಲ್ ಗೊತ್ತು, ವಾಯುವ್ಯದಿಂದ ಬರುವ ಗಾಳಿ. ದುಬೈಯ ದಡ ವಾಯುವ್ಯಕ್ಕೆ ಮುಖ ಮಾಡಿದೆ, ಹಾಗಾಗಿ ಅಲ್ಲಿ ಶಮಾಲ್ ನೇರ ಎದುರಿಗೆ ಬಡಿಯುತ್ತದೆ. ನಮ್ಮ ದಡ ಪಶ್ಚಿಮಕ್ಕೆ, ಸ್ವಲ್ಪ ದಕ್ಷಿಣಕ್ಕೆ ವಾಲಿ ನಿಂತಿದೆ. ಫೆಬ್ರವರಿಯಿಂದ ಮೇ ತಿಂಗಳ ಮೊದಲ ವಾರಗಳ ತನಕ ಮಧ್ಯಾಹ್ನ ಮೇಲೆ ಬರುವ ಪಡುವಣ-ವಾಯುವ್ಯ ಗಾಳಿ ಇಲ್ಲಿ ಓರೆಯಾಗಿ ಹಾದು ಹೋಗುತ್ತದೆ. ಲುಹರ್ ಆದ ಮೇಲೆ ನಿಧಾನಕ್ಕೆ ಏರುತ್ತದೆ, ಅಸರ್ ಹೊತ್ತಿಗೆ ತುಂಬಿಕೊಳ್ಳುತ್ತದೆ, ಮಗ್ರಿಬ್ ಹತ್ತಿರ ಬಂದಾಗ ಇಳಿಯುತ್ತದೆ.

ಎಷ್ಟು ಗಾಳಿ ಬೇಕು? ಕಲಿಯುವವರಿಗೆ 12ರಿಂದ 18 ನಾಟ್, ಅಂದರೆ ಗಂಟೆಗೆ ಸುಮಾರು 22ರಿಂದ 33 ಕಿ.ಮೀ. ಅಳೆಯುವ ಯಂತ್ರ ಇಲ್ಲದಿದ್ದರೆ ಕಡಲನ್ನೇ ನೋಡಬಹುದು. ದಡದಿಂದ ದೂರದಲ್ಲಿ ಬಿಳಿ ನೊರೆಯ ಮೊಗ್ಗುಗಳು ಅಲ್ಲಲ್ಲಿ ಏಳತೊಡಗಿದರೆ ಹತ್ತು ಹನ್ನೆರಡು ನಾಟ್ ಬಂತು ಅಂತ ಲೆಕ್ಕ. ಸತ್ಯ ಹೇಳಬೇಕೆಂದರೆ ನಮ್ಮ ಕಡೆ ಬೇಸಿಗೆಯ ಕಡಲ ಗಾಳಿ ಎಷ್ಟೋ ದಿನ ಆ ಮಟ್ಟಕ್ಕೆ ಏರುವುದೇ ಇಲ್ಲ. ಚೀಲ ಹೊತ್ತುಕೊಂಡು ಹೋಗಿ ಶೇಂಗಾ ತಿಂದು ವಾಪಸ್ಸು ಬರುವ ದಿನಗಳೇ ಜಾಸ್ತಿ. ಜೋರು ಗಾಳಿ ಖಾತ್ರಿಯಾಗಿ ಸಿಗುವುದು ಜೂನ್‌ನಿಂದ ಸೆಪ್ಟೆಂಬರ್. ಆದರೆ ಆಗ ಕಡಲಿನ ಹತ್ತಿರ ಹೋಗುವ ಮಾತೇ ಇಲ್ಲ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಬೋಟುಗಳಿಗೇ ನಿಷೇಧ. ಏನಾದರೂ ಆದರೆ ಬಂದು ಎತ್ತುವ ಬೋಟು ನೀರಿನಲ್ಲಿ ಇರುವುದಿಲ್ಲ ಅಂತ ಅರ್ಥ.

ಗಾಳಿಗೆ ಕಾಯುವುದು ಈ ಊರುಗಳಿಗೆ ಹೊಸದೇನಲ್ಲ. ಮಾನ್ಸೂನ್ ಎಂಬ ಶಬ್ದವೇ ಅರಬ್ಬಿಯ ಮೌಸಿಮ್‌ನಿಂದ ಬಂದದ್ದು, ಅಂದರೆ ಋತು. ವಿಜಯನಗರದ ಅರಸರಿಗೆ ಅರಬ್ ಕುದುರೆಗಳು ಭಟ್ಕಳ, ಹೊನ್ನಾವರದ ಬಂದರುಗಳಲ್ಲಿ ಇಳಿದದ್ದು ಇದೇ ಗಾಳಿಯ ಲೆಕ್ಕದಲ್ಲಿ. ಹದಿನಾಲ್ಕನೇ ಶತಮಾನದಲ್ಲಿ ಹೊನ್ನಾವರಕ್ಕೆ ಬಂದ ಇಬ್ನು ಬತೂತ ಇಲ್ಲಿ ಗಂಡು ಮಕ್ಕಳಿಗೆ 23, ಹೆಣ್ಣು ಮಕ್ಕಳಿಗೆ 13 ಪಾಠಶಾಲೆಗಳನ್ನು ಕಂಡದ್ದಾಗಿ ಬರೆದಿದ್ದಾನೆ. ಪಾಠ ಹೇಳುವವನಾಗಿ ಆ ಸಂಖ್ಯೆಯನ್ನು ಹೇಳಿಕೊಳ್ಳುವುದು ನನಗೆ ಖುಷಿ. ಆದರೆ ಅಷ್ಟು ಶಾಲೆಗಳಿದ್ದ ಊರಿನಲ್ಲಿ ಇವತ್ತು ಈಜು ಬಾರದ ಮಕ್ಕಳು ನನ್ನ ತರಗತಿಯಲ್ಲೇ ಬೆಂಚು ತುಂಬ ಇದ್ದಾರೆ.

ಒಂದೊಂದೇ ದಡ

ಭಟ್ಕಳದಿಂದ ಕುಮಟಾಕ್ಕೆ ಹೆದ್ದಾರಿಯಲ್ಲಿ ಸುಮಾರು 60 ಕಿ.ಮೀ. ಎರಡು ಮಧ್ಯಾಹ್ನ ಬೇಕಾಯಿತು.

ಭಟ್ಕಳ ಬಂದರಿನಲ್ಲಿ ಬೋಟುಗಳ ಓಡಾಟ, ಅದು ಆಟದ ಜಾಗ ಅಲ್ಲ, ನಿಲ್ಲಲೂ ಇಲ್ಲ. ಜಾಲಿ ಕಡಲ ತೀರ ತೆರೆದದ್ದು, ಗಾಳಿ ಚೆನ್ನಾಗಿ ಸಿಗುತ್ತದೆ. ಆದರೆ ಗಾಳಿ ತುಂಬುವ ಹೊತ್ತಿಗೇ ಸರಿಯಾಗಿ ಮನೆಮಂದಿ ಮಕ್ಕಳನ್ನು ಕಟ್ಟಿಕೊಂಡು ಬರುತ್ತಾರೆ. ಬಿಗಿಯಾದ ದಾರ ಮಗುವಿನ ಕತ್ತಿನ ಎತ್ತರದಲ್ಲಿ ಸರ್ರನೆ ಹಾದು ಹೋಗುವುದನ್ನು ನೆನೆಸಿಕೊಂಡರೆ ಸಾಕು.

ಮುರ್ಡೇಶ್ವರಕ್ಕೆ ಹುಡುಗನ ಮನಸ್ಸು ಎಳೆಯುತ್ತಿತ್ತು. ನೇತ್ರಾಣಿಗೆ ಸ್ಕೂಬಾ ಡೈವಿಂಗ್‌ಗೆ ಹೋಗುವವರೆಲ್ಲ ಅಲ್ಲಿಂದಲೇ ಹೊರಡುವುದು, ನೀರಿನ ಆಟದ ಊರು ಅಂತ ಹೆಸರು. ಆದರೆ ಅಲ್ಲಿ ಗುಡ್ಡ ಕಡಲಿನ ಒಳಗೆ ಚಾಚಿ ನಿಂತಿದೆ, ಅದರ ಮೇಲೆ ದೊಡ್ಡ ಮೂರ್ತಿ, ಪಕ್ಕದಲ್ಲಿ 20 ಅಂತಸ್ತಿನ ಗೋಪುರ. ಪಡು ಗಾಳಿ ಇವುಗಳಿಗೆ ಬಡಿದು ಮುರಿದು ಸುಳಿ ಸುಳಿಯಾಗಿ ದಡಕ್ಕೆ ಬರುತ್ತದೆ. ಅಡ್ಡ ನಿಂತ ವಸ್ತುವಿನ ಎತ್ತರದ ಏಳೆಂಟು ಪಟ್ಟು ದೂರದ ತನಕ ಗಾಳಿ ಕೆಟ್ಟಿರುತ್ತದೆ. ಒಂದು ಗಳಿಗೆ ಸತ್ತು ಮರುಗಳಿಗೆ ಜಗ್ಗುವ ಗಾಳಿ ಹೊಸಬರ ಶತ್ರು. ಜನಜಂಗುಳಿ, ಪ್ರವಾಸಿಗರ ಬೋಟು ಬೇರೆ. 2024ರ ಡಿಸೆಂಬರ್ 10ರಂದು ಕೋಲಾರ ಜಿಲ್ಲೆಯ ವಸತಿ ಶಾಲೆಯಿಂದ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಇಲ್ಲೇ ನೀರುಪಾಲಾದರು. ಆ ದಿನ ಊರಿಗೆ ಊರೇ ಊಟ ಮಾಡಿರಲಿಲ್ಲ. ಆ ಮಕ್ಕಳಿಗೆ ಪಟವೂ ಇರಲಿಲ್ಲ, ಹಲಗೆಯೂ ಇರಲಿಲ್ಲ, ಬರೀ ಕಾಲು ನೆನೆಸಲು ಇಳಿದಷ್ಟು ನೀರು. ಹುಡುಗ ಅಲ್ಲಿ ಹೆಚ್ಚು ಮಾತಾಡಲಿಲ್ಲ.

ಹೊನ್ನಾವರದ ಕಾಸರಕೋಡು ತೀರಕ್ಕೆ 2020ರಲ್ಲಿ ಪಡುಬಿದ್ರಿಯ ಜೊತೆಗೆ ಬ್ಲೂ ಫ್ಲ್ಯಾಗ್ ಮನ್ನಣೆ ಸಿಕ್ಕಿದೆ. ಅಂದರೆ ಈಜುವ ಜಾಗಕ್ಕೆ ಗಡಿ ಗುರುತು, ಜೀವರಕ್ಷಕರು, ನೀರಿನ ಪರೀಕ್ಷೆ ಎಲ್ಲ ಇರಬೇಕು. ಈಜು ಕಲಿಯುವವರಿಗೆ, ಮನೆಯವರೊಂದಿಗೆ ನೀರಿಗಿಳಿಯುವವರಿಗೆ ಈ ಮೂರು ತಾಲೂಕುಗಳಲ್ಲಿ ನಾನು ತೋರಿಸುವ ಮೊದಲ ಜಾಗ ಇದೇ. ಆದರೆ ಈಜುವವರಿಗೆ ಗುರುತು ಹಾಕಿದ ನೀರಿನಲ್ಲಿ ಪಟ ಹಾರಿಸುವುದು ಶಾಲೆಯ ಅಂಗಳದಲ್ಲಿ ಲಾರಿ ಕಲಿತ ಹಾಗೆ. ದಡದ ಉದ್ದಕ್ಕೂ ಗಾಳಿಮರದ ತೋಪು ಇದೆ, ಕಡಲ ಗಾಳಿಯಲ್ಲಿ ಪಟ ಕೈತಪ್ಪಿದರೆ ನೇರ ಅದರ ಕೊಂಬೆಗೆ. ಕಲಿಸುವವರು ಹೇಳುವ ಪ್ರಕಾರ ಗಾಳಿ ಹೋಗುವ ದಿಕ್ಕಿಗೆ ಕನಿಷ್ಠ ನೂರು ಮೀಟರ್ ಏನೂ ಇರಬಾರದು.

ಉತ್ತರಕ್ಕೆ ಟೊಂಕದ ಕಡೆ ಹೋದರೆ ಅದು ಚಾಚಾರ ಊರು. ಹೊಯಿಗೆಯ ಮೇಲೆ ಮೀನು ಒಣಗಿಸುತ್ತಾರೆ, ಬಲೆ ಹರಡುತ್ತಾರೆ, ಕಡಲಾಮೆ ಮೊಟ್ಟೆ ಇಡಲು ಬರುವುದೂ ಅಲ್ಲೇ. ಬಂದರು ಯೋಜನೆಯ ವಿರುದ್ಧ ಆ ಜನ ಎಷ್ಟು ಹೋರಾಡಿದ್ದಾರೆ ಎಂದು ಓದುಗರಿಗೆ ಗೊತ್ತು. ಹೊರಗಿನಿಂದ ನೋಡಿದವರಿಗೆ "ಖಾಲಿ" ಕಾಣುವ ಹೊಯಿಗೆ ಯಾರದೋ ಅನ್ನದ ಅಂಗಳ ಆಗಿರುತ್ತದೆ. "ಕಡಲು ಖಾಲಿ ಬಿದ್ದಿದೆ" ಅಂದ ಹುಡುಗನಿಗೆ ಚಾಚಾ ಇದನ್ನು ಬೈದು ಹೇಳಲಿಲ್ಲ, ಸುಮ್ಮನೆ ಒಣಮೀನಿನ ಸಾಲುಗಳ ನಡುವೆ ಕೈಹಿಡಿದು ನಡೆಸಿದರು.

ಶರಾವತಿಯ ಹಿನ್ನೀರು ನೋಡಿದಾಗ ನನಗೇ ಆಸೆ ಆಯಿತು. ಅಲೆ ಇಲ್ಲ, ಅಗಲ ಇದೆ. ಚಾಚಾ ಕೈ ಅಡ್ಡ ಆಡಿಸಿದರು. ಇಳಿತದ ಹೊತ್ತಿಗೆ ನೀರೆಲ್ಲ ಅಳಿವೆಯ ಕಡೆ ಓಡುತ್ತದೆ, ಮೇಲೆ ಗೇರುಸೊಪ್ಪೆಯಲ್ಲಿ ನೀರು ಬಿಟ್ಟರೆ ಇನ್ನೂ ಜೋರು. ಅಳಿವೆಯಲ್ಲಿ ಹೂಳು ತುಂಬಿ ದೊಡ್ಡ ಬೋಟುಗಳೇ ಮಗುಚಿವೆ. ಸೇತುವೆಯ ಕಂಬಗಳಿವೆ, ತೆಂಗಿನ ತೋಟದ ಮೇಲಿಂದ ಬರುವ ಗಾಳಿ ಕಡಿದು ಕಡಿದು ಬರುತ್ತದೆ. ಅಳಿವೆ ಎನ್ನುವಾಗ ಹುಡುಗ ತಲೆ ತಗ್ಗಿಸಿದ. ಅವನ ಮಾವನ ವಿಷಯ ಚಾಚಾರಿಗೆ ಗೊತ್ತಿತ್ತೋ ಇಲ್ಲವೋ, ನಾನು ಕೇಳಲಿಲ್ಲ.

ಕುಮಟಾ ತಾಲೂಕಿನಲ್ಲಿ ಅಘನಾಶಿನಿಯ ಕಥೆ ಬೇರೆ. ಇಂಟರ್‌ನೆಟ್‌ನಲ್ಲಿ ಮೇಲಿಂದ ತೆಗೆದ ಚಿತ್ರ ನೋಡಿದರೆ ಹೊಸಬರಿಗೆ ಹೇಳಿ ಮಾಡಿಸಿದ ಜಾಗ: ಸೊಂಟ ಮಟ್ಟದ ನೀರು, ಮೈಲುಗಟ್ಟಲೆ ಬಯಲು. ಹತ್ತಿರ ಹೋದರೆ ಆ ಸೊಂಟ ಮಟ್ಟದ ನೀರಿನಲ್ಲಿ ಹೆಂಗಸರು ನಿಂತಿರುತ್ತಾರೆ, ಬಳಚು ಹೆಕ್ಕುತ್ತಾ. ಚಿಪ್ಪು ಕಾಲು ಕೊಯ್ಯುತ್ತದೆ. ಈ ಅಳಿವೆ 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದೆ, ಹಕ್ಕಿಗಳು ಬಂದಿಳಿಯುವ ಜಾಗ. ದೊಡ್ಡ ಪಟದ ನೆರಳು ಬಿದ್ದರೆ ಹಕ್ಕಿಯ ಹಿಂಡು ಹದ್ದು ಕಂಡಂತೆ ಏಳುತ್ತದೆ. ಅಲ್ಲಿ ಬೇಡ ಎಂದು ನಾನೇ ಮೊದಲು ಹೇಳಿದೆ.

ಗೋಕರ್ಣದ ಕುಡ್ಲೆ, ಓಂ ಎರಡೂ ಗುಡ್ಡಗಳ ನಡುವಿನ ಕೊಲ್ಲಿ. ಕಲ್ಲು ಇದೆ, ಗಾಳಿ ಮರೆಯಾಗುತ್ತದೆ. ಊರ ಮುಂದಿನ ದೊಡ್ಡ ತೀರ ಅಗಲ ಇದೆ, ಆದರೆ ಜನ. ವನ್ನಳ್ಳಿಯಲ್ಲಿ ಬಂಡೆ.

ಕೊನೆಗೆ ಎರಡು ಜಾಗ ಉಳಿದವು. ಒಂದು, ಕಾಸರಕೋಡಿನ ಗಡಿ ಹಾಕಿದ ಭಾಗ ದಾಟಿ ಅಪ್ಸರಕೊಂಡದ ಗುಡ್ಡ ಸಿಗುವುದಕ್ಕಿಂತ ಮೊದಲಿನ ಹೊಯಿಗೆಯ ದಡ, ಗಾಳಿಮರದಿಂದ ದೂರ ಇರುವ ಕಡೆ, ಇಳಿತದಲ್ಲಿ ಹೊಯಿಗೆ ಅಗಲವಾಗುವ ಹೊತ್ತು. ಇನ್ನೊಂದು ಧಾರೇಶ್ವರ, ಉದ್ದಕ್ಕೆ ನೇರ ಹೋಗುವ ತೀರ, ಜನ ಕಡಿಮೆ. ಎರಡೂ ಕಡೆ ಅಲೆ ದಡದಲ್ಲೇ ಒಡೆಯುತ್ತದೆ. ಆದ್ದರಿಂದ ಹಲಗೆ ಕಟ್ಟಿ ನಿಲ್ಲುವುದನ್ನು ಇಲ್ಲಿ ಮೊದಲ ಸಲ ಕಲಿಯುವುದು ಕಷ್ಟ. ಆದರೆ ಎರಡು ಮೂರು ಚದರ ಮೀಟರಿನ ಕಲಿಕೆಯ ಪಟ ಅಂತ ಬರುತ್ತದೆ, ಅದನ್ನು ಹಿಡಿದು ಒಣ ಹೊಯಿಗೆಯ ಮೇಲೆ ಗಾಳಿಯ ಭಾಷೆ ಕಲಿಯಲು ಇಷ್ಟು ಒಳ್ಳೆಯ ಜಾಗ ಬೇರೆ ಬೇಡ. ಬೇರೆ ಕಡೆ ಕಲಿತು ಬಂದವರು ಅಭ್ಯಾಸ ಮಾಡುವುದಕ್ಕೂ ಇವೇ ಸರಿ, ದಡದಲ್ಲಿ ತಿಳಿದ ಇನ್ನೊಬ್ಬ ಇದ್ದರೆ.

ಕಲಿಯುವುದು ಎಲ್ಲಿ?

ಮೊದಲ ಪಾಠಕ್ಕೆ ಊರು ಬಿಡಬೇಕು. ಹತ್ತಿರದ್ದು ಗೋವಾದ ಉತ್ತರ ತುದಿಯ ಮೋರ್ಜಿಮ್, ಅಶ್ವೆಮ್. ಕಲಿಸುವವರು ಇದ್ದಾರೆ, ಬೇಸಿಗೆಯ ಅದೇ ಮಧ್ಯಾಹ್ನದ ಗಾಳಿ. ನಮ್ಮ ಕೊಂಕಣ ರೈಲಿನಲ್ಲೇ ಪೆರ್ನೆಮ್ ಅಥವಾ ಥಿವಿಮ್‌ನಲ್ಲಿ ಇಳಿದರೆ ಆಯಿತು. ಇನ್ನೊಂದು ರಾಮೇಶ್ವರಂ. ಅಲ್ಲಿ ದ್ವೀಪದ ಎರಡು ಬದಿಗೂ ಕಡಲು, ಹಾಗಾಗಿ ಚಳಿಗಾಲದ ಈಶಾನ್ಯ ಗಾಳಿಗೂ ಮಳೆಗಾಲದ ನೈಋತ್ಯ ಗಾಳಿಗೂ ಒಂದೊಂದು ಬದಿ ಸಿಗುತ್ತದೆ. ನೀರು ಆಳ ಇಲ್ಲ, ಅಲೆ ಇಲ್ಲ. ಮನಸ್ಸಿದ್ದವರಿಗೆ ಶ್ರೀಲಂಕಾದ ಕಲ್ಪಿಟಿಯ ಕೂಡ ಇದೆ, ಅದು ಈ ಆಟಕ್ಕೆ ಹೆಸರಾದ ಲಗೂನು.

ಕಲಿಸುವವರ ಬಳಿ ಅಂತರರಾಷ್ಟ್ರೀಯ ಕೈಟ್‌ಬೋರ್ಡಿಂಗ್ ಸಂಸ್ಥೆಯ, ಐಕೆಒ ಅನ್ನುತ್ತಾರೆ, ಪ್ರಮಾಣಪತ್ರ ಇದೆಯಾ ಎಂದು ಮೊದಲು ಕೇಳಿ. ಎರಡನೇ ಪ್ರಶ್ನೆ, ನೀರಿನಲ್ಲಿ ರಕ್ಷಣೆಯ ಬೋಟು ಇದೆಯಾ. ಮೂರನೆಯದು, ಹೆಲ್ಮೆಟ್ ಮತ್ತು ತೇಲುವ ಜಾಕೆಟ್ ಕೊಡ್ತಾರಾ. ಒಂಬತ್ತರಿಂದ ಹನ್ನೆರಡು ಗಂಟೆಯ ಪಾಠ, ಮೂರರಿಂದ ಐದು ದಿನಕ್ಕೆ ಹಂಚಿರುತ್ತದೆ. ಮೊದಲ ದಿನ ದಡದಲ್ಲೇ. ಆಮೇಲೆ ಹಲಗೆ ಇಲ್ಲದೆ ಪಟ ಹಿಡಿದು ನೀರಿನಲ್ಲಿ ಎಳೆಸಿಕೊಂಡು ಹೋಗುವುದು, ಪಟ ಸತ್ತರೆ ಅದನ್ನೇ ತೆಪ್ಪದಂತೆ ಮಾಡಿ ದಡ ಸೇರುವುದು. ಹಲಗೆ ಬರುವುದು ಕೊನೆಗೆ. "ಅಲಿಫ್ ಬಾ ಕಲಿಯದೆ ಯಾಸೀನ್ ಓದ್ತೇನೆ ಅಂದ ಹಾಗೆ ನಿನ್ನ ಕಥೆ" ಅಂತ ಹುಡುಗನಿಗೆ ಹೇಳಿದೆ, ನಕ್ಕ.

ದುಡ್ಡು ಅಷ್ಟು ಇಲ್ಲದವರು, ವಯಸ್ಸು ಸಣ್ಣದು ಇರುವವರು ಮೊದಲು ಅಲೆ ಕಲಿಯಬಹುದು. ಮುಲ್ಕಿಯ ಮಂತ್ರ ಸರ್ಫ್ ಕ್ಲಬ್ ದೇಶದಲ್ಲೇ ಮೊದಮೊದಲಿನದು, ಪಕ್ಕದ ಸಸಿಹಿತ್ಲುವಿನಲ್ಲಿ 2016ರಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆಯಿತು. ನಮ್ಮ ದಕ್ಷಿಣ ಕನ್ನಡದ ನೆಂಟರ ಮನೆಗೆ ಹೋದಾಗ ಅರ್ಧ ದಿನ ತೆಗೆದರೆ ಆಗುವ ಕೆಲಸ. ಅದಕ್ಕೂ ಮೊದಲು ಈಜು. ಹುಡುಗ ದುಬೈಯ ಕಟ್ಟಡದ ಕೊಳದಲ್ಲಿ ಈಜು ಕಲಿತಿದ್ದಾನೆ. ಅಂಚು ಕೈಗೆ ಸಿಗುವ ನೀರು ಅದು. ಕಾಸರಕೋಡಿನಲ್ಲಿ ಜೀವರಕ್ಷಕರ ಕಣ್ಣೆದುರು ಈಜಲು ಹೇಳಿದಾಗ ಮೂರು ಅಲೆ ದಾಟುವುದರೊಳಗೆ ಉಸಿರು ಮೇಲೆ ಕೆಳಗೆ ಆಗಿ ವಾಪಸ್ಸು ಬಂದ. ಬೇರೆ ಯಾವ ಉಪದೇಶಕ್ಕಿಂತಲೂ ಅದು ಅವನಿಗೆ ಹೆಚ್ಚು ತಾಗಿತು.

ಅವನ ತಂಗಿ, ಪಿಯುಸಿ ಓದುವ ಹುಡುಗಿ, ಎಲ್ಲ ಕೇಳುತ್ತಾ ಇದ್ದವಳು, "ನಮಗೆ ಈಜು ಯಾರು ಕಲಿಸ್ತಾರೆ ಉಸ್ತಾದ್?" ಅಂತ ಬಾಗಿಲ ಮರೆಯಿಂದ ಕೇಳಿದಳು. ಮೈತುಂಬ ಉಡುಪು ಈಗ ಸಿಗುತ್ತದೆ, ಹೆಂಗಸರೇ ಕಲಿಸುವ ಹೊತ್ತು, ಜಾಗ ಸಿಗುವುದಿಲ್ಲ. ಜಮಾಅತಿನ ಸಭೆಯಲ್ಲಿ ಈ ಪ್ರಶ್ನೆ ಇಡುತ್ತೇನೆ ಅಂದಿದ್ದೇನೆ. ಮುಂದಿನ ಸಭೆ ಶವ್ವಾಲಿನಲ್ಲಿ.

ಇಳಿಯುವ ದಿನ ನೋಡಬೇಕಾದ್ದು ಇಷ್ಟು. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಕೊಡುವ ಅಲೆ ಮತ್ತು ಗಾಳಿಯ ಮುನ್ಸೂಚನೆ, ಮುಖ್ಯವಾಗಿ ಬೇಸಿಗೆಯ ಕೊನೆಗೆ ಬರುವ ಕಳ್ಳಕಡಲಿನ ಎಚ್ಚರಿಕೆ. ಇಲ್ಲಿ ಗಾಳಿ ಇಲ್ಲದಿದ್ದರೂ ದೂರದ ದಕ್ಷಿಣ ಸಮುದ್ರದಲ್ಲಿ ಎದ್ದ ಅಲೆ ದಡಕ್ಕೆ ನುಗ್ಗುತ್ತದೆ. ಉಬ್ಬರ ಇಳಿತ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ, ನಿನ್ನೆಯ ಹೊತ್ತು ಇವತ್ತಿಗೆ ಅಲ್ಲ. ಭಟ್ಕಳ, ಹೊನ್ನಾವರ, ಕುಮಟಾ ಮೂರೂ ಕಡೆ ಕರಾವಳಿ ಕಾವಲು ಪೊಲೀಸ್ ಠಾಣೆ ಇದೆ, ಮೊದಲೇ ಹೋಗಿ ಹೇಳಿ ಒಪ್ಪಿಗೆ ಪಡೆಯಬೇಕು. ಸಹಾಯವಾಣಿ 1093, ಕೋಸ್ಟ್ ಗಾರ್ಡ್ 1554, ಯಾವುದೂ ನೆನಪಾಗದಿದ್ದರೆ 112. ದಡದಲ್ಲಿ ನಿಲ್ಲುವವನ ಫೋನಿನಲ್ಲಿ ಇವು ಇರಲಿ, ನೀರಿನಲ್ಲಿ ಇರುವವನ ಫೋನಿನಲ್ಲಿ ಇದ್ದು ಪ್ರಯೋಜನ ಇಲ್ಲ.

ಹುಡುಗ ಮೋರ್ಜಿಮ್‌ಗೆ ಐದು ದಿನದ ಪಾಠಕ್ಕೆ ಹೆಸರು ಕೊಟ್ಟ. ಹಳೆಯ ಪಟವನ್ನು ಅವರಿಗೆ ಫೋಟೊ ಕಳಿಸಿದಾಗ "ತರಬೇಡಿ" ಅಂದರಂತೆ. ಅದು ಈಗ ಅವರ ಮನೆಯ ಅಟ್ಟದ ಮೇಲಿದೆ, ಉಮ್ಮ ಅದರ ಮೇಲೆ ಅಕ್ಕಿ ಮುಡಿ ಇಟ್ಟಿದ್ದಾರೆ. ರೈಲು ಹತ್ತಿಸಲು ಅವರೂ ಹೊನ್ನಾವರ ಸ್ಟೇಷನ್ನಿಗೆ ಬಂದಿದ್ದರು. ಹೋಗು ಅಂತ ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. ಬುತ್ತಿ ಕೊಟ್ಟು, "ಬೆಳಿಗ್ಗೆ ಹೊತ್ತು ಇಳಿಯಬೇಡ" ಎಂದರು.

ಮೊನ್ನೆ ಜುಮಾ ಮುಗಿದ ಮೇಲೆ ಚಾಚಾ ಸಿಕ್ಕಿದರು. ಹುಡುಗ ಬಂದ ಮೇಲೆ ಯಾವ ದಿನ, ಯಾವ ದಡದಲ್ಲಿ ಪಟ ಏರಿಸುತ್ತಾನೆ ಎಂದು ಒಂದು ದಿನ ಮೊದಲು ಹೇಳಿ ಕಳಿಸಬೇಕಂತೆ. ಆ ದಿನ ಬಲೆ ಬೇರೆ ಕಡೆ ಹಾಕುತ್ತಾರಂತೆ, ದೋಣಿಯನ್ನು ಹತ್ತಿರದಲ್ಲೇ ನಿಲ್ಲಿಸಿಕೊಂಡು ನೋಡುತ್ತಾರಂತೆ.